ಒಂಟೆಯನ್ನು ನಿಲ್ಲಿಸುವ ಸಾಲು

ನಮ್ಮ ಮನೆಗೆ ಬಂದವರು ಚಪ್ಪಲಿ ಬಿಡುವಾಗ, ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿರುವ ಹಾಲಿನ ಪುಡಿಯ ಖಾಲಿ ಡಬ್ಬವನ್ನು ಒಮ್ಮೆ ನೋಡಿಯೇ ನೋಡುತ್ತಾರೆ. ಅದರ ಒಂದು ಪಕ್ಕ ಜಜ್ಜಿಹೋಗಿದೆ. ಮೇಲೆ ಅಚ್ಚಾಗಿದ್ದ ಗುಂಡು ಮಗುವಿಗೆ ಮೂಗು ಉಳಿದಿಲ್ಲ. ಪೋಸ್ಟ್‌ಮನ್ ಒಮ್ಮೆ ಅದರೊಳಗೆ ಕಾಗದ ಹಾಕಿ ಹೋಗಿದ್ದೂ ಉಂಟು. ಅದು ವಾದ್ಯ ಎಂದರೆ ಬಂದವರು ನಗುತ್ತಾರೆ. ನುಡಿಸುವವನು ನಾನು, ಜೊತೆಗೆ ಹಾಡುವವನೂ ನಾನೇ ಎಂದರೆ ನನ್ನನ್ನು ಬಲ್ಲವರು ಇನ್ನಷ್ಟು ನಗುತ್ತಾರೆ.

ನಗಲಿ. ಆ ಡಬ್ಬವನ್ನು ಒಮ್ಮೆ ಎಸೆದವನು ನಾನು. ಮತ್ತೆ ಮೊಳೆ ಹೊಡೆದು ತೂಗುಹಾಕಿದವನೂ ನಾನೇ. ಇನ್ನು ಅದು ಅಲ್ಲಿಂದ ಕದಲುವುದಿಲ್ಲ.

ನನಗೂ ಸಂಗೀತಕ್ಕೂ ಇರುವ ಸಂಬಂಧವನ್ನು ನಾಲ್ಕನೇ ಕ್ಲಾಸಿನ ಮೇಷ್ಟ್ರು ತೀರ್ಮಾನ ಮಾಡಿಬಿಟ್ಟಿದ್ದರು. ಪ್ರಾರ್ಥನೆಯ ಗುಂಪಿನಲ್ಲಿ ನಿಂತು ನಾನು ಭಕ್ತಿಯಿಂದ ಬಾಯಿ ತೆರೆದ ಮೂರನೆಯ ದಿನ ಅವರು ಕಿವಿಯ ಹತ್ತಿರ ಬಗ್ಗಿ, “ನೀನು ತುಟಿ ಮಾತ್ರ ಆಡ್ಸಪ್ಪ, ಸಾಕು” ಅಂದರು. ಬೈಯಲಿಲ್ಲ, ಹೊಡೆಯಲಿಲ್ಲ. ಬೈದಿದ್ದರೆ ಹಟ ಹಿಡಿದು ಹಾಡುತ್ತಿದ್ದೆನೋ ಏನೋ. ಅಷ್ಟು ಮೆತ್ತಗೆ ಹೇಳಿದ್ದರಿಂದ ಅದು ಒಳಗೆ ಇಳಿದು ಕೂತಿತು. ಅಂದಿನಿಂದ ಹೈಸ್ಕೂಲಿನಲ್ಲಿ, ಬಿ.ಎಸ್ಸಿ. ಓದಿದ ಕಾಲೇಜಿನಲ್ಲಿ, ಕಾರ್ಖಾನೆಯ ಆಯುಧಪೂಜೆಯಲ್ಲಿ, ಎಲ್ಲ ಕಡೆಯೂ ನಾನು ತುಟಿ ಆಡಿಸಿಕೊಂಡೇ ಬಂದವನು. ಹೆಣ್ಣು ನೋಡುವ ಶಾಸ್ತ್ರದಲ್ಲಿ ಗಂಡಿಗೂ ಒಂದು ಹಾಡು ಹೇಳು ಅನ್ನುವ ಪದ್ಧತಿ ಇಲ್ಲದ್ದು ನನ್ನ ಪುಣ್ಯ.

ಇಂಥವನು ಮಗಳನ್ನು ಟಿವಿಯ ಹಾಡುಗಳಿಂದ ಸಾಕಬೇಕಾಗಿ ಬಂದದ್ದು ಹೇಗೆಂದು ಹೇಳಬೇಕಾದರೆ ನಮ್ಮ ಪಾಳಿಗಳ ವಿಷಯ ಹೇಳಬೇಕು. ಪೀಣ್ಯದಲ್ಲಿ ಗೌರಮ್ಮನವರ ಸಾಲುಮನೆಗಳಲ್ಲಿ ಮೂರನೆಯದು ನಮ್ಮದು. ಮುಂದೆ ರಸ್ತೆ, ರಸ್ತೆಯಾಚೆ ಕಬ್ಬಿಣ ಕಾಯಿಸಿ ಬಡಿಯುವ ಒಂದು ವರ್ಕ್‌ಶಾಪು, ಮನೆಗಳ ಹಿಂದೆ ಗೌರಮ್ಮನವರಿಗೆ ಉಳಿದಿರುವ ರಾಗಿ ಹೊಲ. ನನ್ನ ಹೆಂಡತಿ ನಳಿನಿ ರೇಡಿಯೋ ಬಿಡಿಭಾಗ ಜೋಡಿಸುವ ಕಾರ್ಖಾನೆಯಲ್ಲಿ ಮೊದಲ ಪಾಳಿಗೆ ಹೋಗುತ್ತಾಳೆ. ಬೆಳಿಗ್ಗೆ ಆರಕ್ಕೆ ಹೊರಟರೆ ಮಧ್ಯಾಹ್ನ ಎರಡೂವರೆಗೆ ಬರುತ್ತಾಳೆ. ನಾನು ಎರಡನೇ ಪಾಳಿಗೆ ಒಂದೂವರೆಗೆ ಹೊರಡುತ್ತೇನೆ. ಹೀಗಾಗಿ ನಮ್ಮ ಮಗಳು ಸುಮಾಗೆ ಬೆಳಿಗ್ಗೆಯ ಪಾಳಿಯಲ್ಲಿ ಅಪ್ಪ, ಸಂಜೆಯ ಪಾಳಿಯಲ್ಲಿ ಅಮ್ಮ, ನಡುವಿನ ಒಂದು ಗಂಟೆ ಗೌರಮ್ಮ.

ಗೌರಮ್ಮನಿಗೆ ಅರವತ್ತರ ಹತ್ತಿರ. ಮಂಡಿ ನೋವು, ಗಂಟಲಿಗೆ ಮಾತ್ರ ಯಾವ ನೋವೂ ಇಲ್ಲ. ಅರ್ಧ ಜಮೀನು ಕಾರ್ಖಾನೆಗಳಿಗೆ ಹೋದಾಗ ಕಣವೂ ಹೋಯಿತು. ಅವರು ರಾಗಿಯನ್ನು ಬಿಡದೆ ಟಾರು ರಸ್ತೆಯ ಅಂಚನ್ನೇ ಕಣ ಮಾಡಿಕೊಂಡರು. ನಾನು ಕಾರ್ಖಾನೆಯಲ್ಲಿ ತಯಾರಾದ ಬೋಲ್ಟುಗಳ ಅಳತೆ ಸರಿಯಿದೆಯೇ ಎಂದು ನೋಡುವ ಇನ್ಸ್‌ಪೆಕ್ಟರ್ ಎಂದು ಮೊದಲ ದಿನ ಹೇಳಿದ್ದೇ ತಪ್ಪಾಯಿತು. ಅಂದಿನಿಂದ ನಾನು ‘ಇನ್ಸ್‌ಪೆಟ್ರು’. ಸುತ್ತಲ ಹಳ್ಳಿಯ ಕೆಲವರು ಪೊಲೀಸಿನವನೆಂದು ನಮಸ್ಕಾರ ಮಾಡುತ್ತಾರೆ. ನಾನೂ ತಿದ್ದಲು ಹೋಗಿಲ್ಲ.

ನಮ್ಮ ಸಾಲಿಗೆಲ್ಲ ಇದ್ದದ್ದು ಗೌರಮ್ಮನವರ ಟಿವಿ ಒಂದೇ. ಮರದ ಪೆಟ್ಟಿಗೆ, ಅದಕ್ಕೆ ಎರಡು ಬಾಗಿಲು, ಬಾಗಿಲಿಗೆ ಬೀಗ, ಬೀಗದ ಮೇಲೆ ಕುಂಕುಮ. ವಾರಕ್ಕೊಮ್ಮೆ ಸಂಜೆ ಮಕ್ಕಳ ಕಾರ್ಯಕ್ರಮ ಬರುವ ದಿನ ಸಾಲುಮನೆಗಳ ಮಕ್ಕಳೆಲ್ಲ ಕೈಕಾಲು ತೊಳೆದುಕೊಂಡು ಅವರ ನಡುಮನೆಯಲ್ಲಿ ಚಾಪೆಯ ಮೇಲೆ ಕೂರಬೇಕು. ಆ ಹೊತ್ತಿಗೆ ನಾನು ಕಾರ್ಖಾನೆಯಲ್ಲಿ ಬೋಲ್ಟುಗಳನ್ನು ಅಳೆಯುತ್ತಿರುತ್ತಿದ್ದೆ. ಹೀಗಾಗಿ ಆ ಕಾರ್ಯಕ್ರಮವನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ಅದರ ಹಾಡುಗಳು ನನಗೆ ತಲುಪುತ್ತಿದ್ದುದು ಮೂರೂವರೆ ವರ್ಷದ ಸುಮಾಳ ಬಾಯಿಂದ, ಮರುದಿನ ಬೆಳಿಗ್ಗೆ, ಹಲ್ಲುಜ್ಜುವ ಪುಡಿಯ ನೊರೆಯ ಸಮೇತ.

ಆದರೂ ಅವು ಎಂಥ ಹಾಡುಗಳು! ತಲೆಗೆ ನೀರು ಹಾಕಿದರೆ ಸಾಲುಮನೆಗಳೆಲ್ಲ ಎದ್ದು ಬರುವಂತೆ ಅರಚುತ್ತಿದ್ದ ಹುಡುಗಿ, ಕಾಗೆ ಮಳೆಗೆ ಕಾಯುವ ಹಾಡು ಶುರುವಾದರೆ ತಾನೇ ತಲೆ ಮೇಲೆತ್ತಿ ಕಣ್ಣು ಮುಚ್ಚುತ್ತಿದ್ದಳು. ಊಟಕ್ಕೆ ಇರುವೆಯ ಮದುವೆಯ ಹಾಡು. ಒಂದೊಂದು ತುತ್ತೂ ಮದುವೆಗೆ ಬಂದ ಒಬ್ಬೊಬ್ಬ ನೆಂಟ. ಜೀರುಂಡೆ ಬಂತೇ? ಬಂತು. ಕೂತಿತೇ? ಕೂತಿತು. ಹುಳಹುಪ್ಪಟೆಗಳ ಹೆಸರು ಆರೇಳು ತುತ್ತಿಗೆ ಮುಗಿದುಹೋಗುತ್ತಿತ್ತು, ತಟ್ಟೆಯಲ್ಲಿ ಅನ್ನ ಉಳಿಯುತ್ತಿತ್ತು. ನಾನು ನಮ್ಮ ಕಾರ್ಖಾನೆಯ ಟೈಂಕೀಪರನ್ನೂ ಫೋರ್‌ಮನ್ನರನ್ನೂ ಮದುವೆಗೆ ಕರೆದುಬಿಟ್ಟೆ. ಒಂದು ಭಾನುವಾರ ಫೋರ್‌ಮನ್ ನಿಜವಾಗಿಯೂ ಮನೆಗೆ ಬಂದರು. ನಳಿನಿ ಕಾಫಿ ತಂದುಕೊಟ್ಟಳು. ಸುಮಾ ಅವರನ್ನು ಮೇಲಿಂದ ಕೆಳಗೆ ನೋಡಿ, “ನಿಮ್ಮನ್ನ ನಾನು ದಿನಾ ತಿಂತೀನಿ, ಮೊಸರನ್ನದ ಜೊತೆ” ಅಂದಳು.

ಇವನ್ನೆಲ್ಲ ನಾನು ಹಾಡುತ್ತಿದ್ದೆ ಎಂದುಕೊಳ್ಳಬೇಡಿ. ಹಾಡುತ್ತಿದ್ದವಳು ಅವಳು. ನಾನು ನಡುನಡುವೆ ಗದ್ಯದಲ್ಲಿ ಒದಗಿಸುತ್ತಿದ್ದೆ. ಗೌರಮ್ಮ ನೋಡಿ ನೋಡಿ ಹಂಗಿಸುತ್ತಿದ್ದರು. “ಏನ್ ಇನ್ಸ್‌ಪೆಟ್ರೇ, ನಾವು ಐದು ಮಕ್ಳನ್ನ ಸಾಕಿದ್ವಪ್ಪ, ಒಂದ್ ಪದಾನೂ ಏಳ್ಲಿಲ್ಲ. ನಿಮ್ ಮಗೀಗೆ ಉಚ್ಚೆ ಉಯ್ಯಕ್ಕೂ ಒಂದ್ ಪದ ಬೇಕಾ?” ಆದರೆ ಕಾರ್ಯಕ್ರಮ ಬರುವ ಸಂಜೆ ಮಕ್ಕಳಿಗಿಂತ ಮೊದಲು ಬೀಗ ತೆಗೆದು ಮಂಚದ ಮೇಲೆ ಕೂರುತ್ತಿದ್ದವರು ಅವರೇ ಎಂದು ನಳಿನಿ ಹೇಳುತ್ತಿದ್ದಳು.

ಒಂಟೆಮರಿಯ ಹಾಡು ಅವುಗಳಲ್ಲೆಲ್ಲ ದೊಡ್ಡದು. ಕಾರ್ಯಕ್ರಮ ಪ್ರತಿ ವಾರ ಮುಗಿಯುತ್ತಿದ್ದುದೇ ಅದರಿಂದ. ‘ನಡೆ ನಡೆ ಒಂಟೆಮರಿ’ ಎಂದು ಟಿವಿಯ ಅಕ್ಕ ಕಂಜಿರ ಬಡಿದರೆ, ಮಕ್ಕಳು ಒಂದು ಕೈ ಮೇಲೆತ್ತಿ ಮಣಿಕಟ್ಟನ್ನು ಮಡಿಸಿ, ಅದನ್ನೇ ಒಂಟೆಯ ಕತ್ತು ಮಾಡಿಕೊಂಡು ನಡೆಯುತ್ತವೆ. ‘ಹಳ್ಳ ಬಂತು, ಒಂಟೆ ನಿಂತು ಕಲ್ಲಾಯ್ತು’ ಎಂಬ ಸಾಲು ಬಂದರೆ ಇದ್ದಲ್ಲೇ ಕಲ್ಲು. ‘ಬಿಸಿಲು ಬಂತು, ಕಲ್ಲು ಕರಗಿ ಒಂಟೆಯಾಯ್ತು’ ಎಂದಾಗ ಬಿಡುಗಡೆ. ಸ್ನಾನಕ್ಕೆ ಕರೆದರೆ ಓಡುವ, ಬಟ್ಟೆ ಹಾಕಲು ಹೋದರೆ ಜಾರುವ ಮಗಳನ್ನು ಒಂದು ಕಡೆ ನಿಲ್ಲಿಸಲು ಇದಕ್ಕಿಂತ ಒಳ್ಳೆಯ ಉಪಾಯ ಬೇರೆ ಬೇಕೇ?

ನಾನು ಅದಕ್ಕೂ ಒಂದು ಸುಲಭದ ದಾರಿ ಮಾಡಿಕೊಂಡೆ. ಹಾಡುವುದು ನನ್ನಿಂದಾಗದು. ಹಾಲಿನ ಪುಡಿಯ ಡಬ್ಬ ಬಡಿಯುವುದು ಯಾರಿಂದಲಾದರೂ ಆಗುತ್ತದೆ. ದಬ ದಬ ದಬ ಎಂದು ಬಡಿದರೆ ಸುಮಾ ನಡೆಯಬೇಕು, ಬಡಿತ ನಿಂತರೆ ನಿಲ್ಲಬೇಕು. ಸಾಲೂ ಬೇಡ, ರಾಗವೂ ಬೇಡ. ಎರಡು ದಿನದಲ್ಲಿ ಕಲಿತಳು. ಬಚ್ಚಲಿಗೆ ದಬ ದಬ, ಊಟಕ್ಕೆ ದಬ ದಬ, ಚಪ್ಪಲಿ ಹಾಕಲು ಮೌನ. ಟಿವಿಯವರಿಗಿಂತ ನಾನೇ ಜಾಣ ಎಂದುಕೊಂಡೆ. ನಳಿನಿಗೂ ಹೇಳಿಕೊಂಡೆ.

ಆ ದಿನ ರಾಗಿ ಬಡಿದು ಒಣಹಾಕಿದ್ದ ಸಮಯ. ಬೆಳಿಗ್ಗೆ ಹತ್ತರ ಬಿಸಿಲು. ನಾನು ಮನೆಯ ಮುಂದಿನ ನಲ್ಲಿಯ ಕಟ್ಟೆಯ ಮೇಲೆ ಕನ್ನಡಿ ನಿಲ್ಲಿಸಿ, ಮುಖಕ್ಕೆ ಸೋಪು ಹಚ್ಚಿಕೊಂಡು ಗಡ್ಡ ಹೆರೆಯುತ್ತಿದ್ದೆ. ನನ್ನ ಬೆನ್ನು ರಸ್ತೆಗೆ. ಸುಮಾ ಬಾಗಿಲಲ್ಲಿ ಕೂತು ತೆಂಗಿನ ಚಿಪ್ಪಿಗೆ ಮಣ್ಣು ತುಂಬುತ್ತಿದ್ದಳು. ಗೌರಮ್ಮ ರಸ್ತೆಯಂಚಿನಲ್ಲಿ ಕೂತು ರಾಗಿಯಿಂದ ಕಲ್ಲು ಆರಿಸುತ್ತಿದ್ದರು. ಎದುರಿನ ವರ್ಕ್‌ಶಾಪಿಗೆ ಒಂದು ಲಾರಿ ಬಂತು. ಗೇಟು ಕಿರಿದಾದ್ದರಿಂದ ಅಲ್ಲಿಗೆ ಬರುವ ಲಾರಿಗಳೆಲ್ಲ ನಮ್ಮ ಮನೆಯ ಕಡೆಗೆ ಮೂತಿ ತಂದು, ರಸ್ತೆಗೆ ಅಡ್ಡಲಾಗಿ ತಿರುಗಿ ಹಿಂದಕ್ಕೆ ಹೋಗಬೇಕು. ವಾಚ್‌ಮನ್ ಮುನಿಯಪ್ಪ ಲಾರಿಯ ಆ ಪಕ್ಕದಲ್ಲಿ ನಿಂತು ಅದರ ಮರದ ಹಲಗೆಯನ್ನು ಅಂಗೈಯಲ್ಲಿ ಬಡಿಯುತ್ತಾ “ಬರ್ಲಿ, ಬರ್ಲಿ, ಬರ್ಲಿ” ಅನ್ನುತ್ತಾನೆ. ಬಡಿಯುತ್ತಿರುವವರೆಗೂ ಡ್ರೈವರ್ ಹಿಂದೆ ಬರಬಹುದು. ಒಮ್ಮೆ ಜೋರಾಗಿ ಗುದ್ದಿ “ಓಲ್ಡಾನ್!” ಅಂದರೆ ನಿಲ್ಲಿಸಬೇಕು. ಅದು ಅವರವರ ಕೆಲಸದ ಕ್ರಮ. ವರ್ಷಗಟ್ಟಲೆ ಕೇಳಿ ನನ್ನ ಕಿವಿಗೆ ಅದು ಗಡಿಯಾರದ ಸದ್ದಿನ ಹಾಗೆ ಆಗಿಹೋಗಿತ್ತು.

ದಬ ದಬ ದಬ. ದಬ ದಬ ದಬ.

ಕನ್ನಡಿಯಲ್ಲಿ ನನ್ನ ಕಿವಿಯ ಪಕ್ಕ ಒಂದು ಸಣ್ಣ ಕೈ ಕಾಣಿಸಿತು. ಮೇಲೆತ್ತಿದ ಕೈ, ಮಡಿಸಿದ ಮಣಿಕಟ್ಟು. ಒಂಟೆ ಹೊರಟಿತ್ತು. ಬಡಿತಕ್ಕೆ ಸರಿಯಾಗಿ ಒಂದೊಂದೇ ಹೆಜ್ಜೆ ಇಡುತ್ತಾ, ರಸ್ತೆಗೆ ಇಳಿದು, ಲಾರಿಯ ಹಿಂಚಕ್ರ ಬರುವ ದಾರಿಗೆ ಅಡ್ಡಲಾಗಿ.

ತಿರುಗಿದೆ. ಅವಳಿಗೂ ನನಗೂ ಇಪ್ಪತ್ತು ಹೆಜ್ಜೆ ದೂರ. ಅವಳಿಗೂ ಚಕ್ರಕ್ಕೂ ನಾಲ್ಕೋ ಐದೋ. ಮುನಿಯಪ್ಪ ಆ ಪಕ್ಕದಲ್ಲಿದ್ದ, ಅವನಿಗೆ ಅವಳು ಕಾಣುವಂತಿರಲಿಲ್ಲ. “ಏಯ್ ಸುಮಾ!” ಎಂದು ಕೂಗಿದೆ. ಅವಳು ತಿರುಗದೆ ನಕ್ಕಳು, ನಡೆದಳು. ಬಡಿತ ನಡೆಯುತ್ತಿರುವಾಗ ಯಾವ ಒಂಟೆ ನಿಲ್ಲುತ್ತದೆ? ಹಾಗೆಂದು ಕಲಿಸಿದವನು ನಾನೇ. ನಿಲ್ಲಿಸುವ ಸಾಲು ನನಗೆ ಗೊತ್ತಿತ್ತು. ಹಾಡಲು ಬಾಯಿ ತೆರೆದೆ. ಓಡುತ್ತಲೂ ಇದ್ದೆ. ತುಟಿ ಆಡಿತು. ತುಟಿ ಮಾತ್ರ ಆಡಿತು.

ಆಗ ರಾಗಿಯ ಮಧ್ಯದಿಂದ ಎದ್ದಿತು ಆ ದನಿ. ಗೌರಮ್ಮ ಏಳಲೂ ಆಗದೆ, ಎರಡು ಕೈಯನ್ನೂ ನೆಲಕ್ಕೆ ಊರಿ, ಕತ್ತಿನ ನರ ಉಬ್ಬಿಸಿಕೊಂಡು ಹಾಡಿದರು:

“ಅಳ್ಳಾ ಬಂತೂ, ವಂಟೇ ನಿಂತೂ ಕಲ್ಲಾಯ್ತೂ!”

ಸುಮಾ ಕಲ್ಲಾದಳು. ಮುಂದಿಟ್ಟ ಕಾಲು ಮುಂದೆ, ಹಿಂದಿನ ಹಿಮ್ಮಡಿ ಎತ್ತಿದ ಹಾಗೇ, ಕೈ ಮೇಲೆ. ಮುನಿಯಪ್ಪನ ಬಡಿತ ಇನ್ನೂ ನಡೆಯುತ್ತಲೇ ಇತ್ತು: ದಬ ದಬ ದಬ. ಅವಳು ಅಲ್ಲಾಡಲಿಲ್ಲ. ಹಿಂಚಕ್ರ ಅವಳ ಕಾಲ್ಬೆರಳ ಮುಂದೆ ನಿಧಾನವಾಗಿ, ಯಾವ ಅವಸರವೂ ಇಲ್ಲದೆ ಉರುಳಿಹೋಯಿತು. ಹಲಗೆಯಿಂದ ತೂಗುತ್ತಿದ್ದ ಸರಪಳಿಯೊಂದು ಅವಳ ಮಡಿಸಿದ ಬೆರಳುಗಳ ಹತ್ತಿರ ಆಡುತ್ತಾ ಹೋಯಿತು. ಆಮೇಲೆ ಗೌರಮ್ಮನ ಕೂಗು ಮುನಿಯಪ್ಪನಿಗೆ ಅರ್ಥವಾಗಿ, ಗುದ್ದು ಬಿದ್ದು, ಲಾರಿ ನಿಂತಿತು.

ಹೋಗಿ ಎತ್ತಿಕೊಂಡರೆ ಹಲಗೆ ಎತ್ತಿಕೊಂಡ ಹಾಗಿತ್ತು. ಕಣ್ಣೂ ಮಿಟುಕಿಸುತ್ತಿರಲಿಲ್ಲ. ಜೀವ ಹೋಯಿತೇ ಎನ್ನಿಸಿತು ನನಗೆ. ಆಗ ಹಲ್ಲಿನ ಸಂದಿಯಿಂದ ಸಣ್ಣಗೆ ಅಂದಳು, “ಅಪ್ಪಾ, ಇನ್ನೂ ಬಿಡ್ಸಿಲ್ಲ.”

“ಬಿಸಿಲು ಬಂತು ಪುಟ್ಟಾ, ಆಯ್ತು, ಬಿಟ್ಟೆ.”

“ಹಂಗಲ್ಲ. ಹಾಡ್ಬೇಕು.”

ಗೌರಮ್ಮನನ್ನು ನೋಡಿದೆ. ಅವರು ರಾಗಿಯ ಮೇಲೆ ಕುಸಿದು ಕೂತಿದ್ದರು, ಬಾಯಿಗೆ ಸೆರಗು ಒತ್ತಿಕೊಂಡು. “ಏಳಿ ಇನ್ಸ್‌ಪೆಟ್ರೇ,” ಅಂದರು, “ಬುಡ್ಸೋ ಪದ ಏಳ್ರೀ. ಮಗ ಉಸ್ರು ಕಟ್ಕಂಡದೆ. ನಂಗಾಗಲ್ಲ.”

ಡ್ರೈವರ್ ಇಳಿದು ಬಂದಿದ್ದ. ಮುನಿಯಪ್ಪ ತಲೆಯ ಮೇಲೆ ಕೈ ಹೊತ್ತಿದ್ದ. ವರ್ಕ್‌ಶಾಪಿನಿಂದ ಏಳೆಂಟು ಜನ ಗೇಟಿಗೆ ಬಂದಿದ್ದರು. ಅರ್ಧ ಮುಖಕ್ಕೆ ಸೋಪು, ಒಂದು ಕೈಯಲ್ಲಿ ಇನ್ನೂ ರೇಜರು, ಇನ್ನೊಂದರಲ್ಲಿ ಕಲ್ಲಾದ ಮಗಳು. ನಾಲ್ಕನೇ ಕ್ಲಾಸಿನ ನಂತರ ಮೊದಲ ಬಾರಿಗೆ ನಾನು ಜನರೆದುರು ದನಿ ತೆಗೆದೆ. ಬಿಸಿಲು ಬಂದದ್ದು ಒಂದು ಶ್ರುತಿಯಲ್ಲಿ, ಕಲ್ಲು ಕರಗಿದ್ದು ಇನ್ನೊಂದರಲ್ಲಿ. ಸುಮಾ ಕರಗಿ ನನ್ನ ಹೆಗಲ ಮೇಲೆ ಬಿದ್ದಳು. “ಅಪ್ಪಂಗೆ ಬರಲ್ಲ” ಎಂದು ನಕ್ಕಳು. ನಾನು ಅಳುತ್ತಿದ್ದೆ. ಸೋಪು ಕಣ್ಣಿಗೆ ಹೋಗಿದೆ ಎಂದು ಎಲ್ಲರಿಗೂ ಹೇಳಿದೆ.

ಲಾರಿ ಹೋದ ಮೇಲೆ ಟೇಪು ತಂದು ಅಳತೆ ತೆಗೆದೆ. ರೋಗ ಅನ್ನಿ, ಕಸುಬು ಅನ್ನಿ. ಟಾರಿನ ಮೇಲೆ ಕೂತಿದ್ದ ಧೂಳಿನಲ್ಲಿ ಚಕ್ರದ ಗುರುತು, ಅವಳ ಹೆಬ್ಬೆರಳಿನ ಗುರುತು. ನಡುವೆ ಹನ್ನೆರಡು ಇಂಚು. ಅಳೆಯಬಾರದಿತ್ತು. ಅಳತೆ ಗೊತ್ತಿಲ್ಲದಿದ್ದರೆ ಮನಸ್ಸು ದೂರವನ್ನು ತನಗೆ ಬೇಕಾದಷ್ಟು ಹಿಗ್ಗಿಸಿಕೊಳ್ಳುತ್ತದೆ. ಈಗ ಹಿಗ್ಗುವುದಿಲ್ಲ. ತಿಂಗಳುಗಳಾದರೂ ಗಡ್ಡ ಹೆರೆಯುವಾಗ ಕನ್ನಡಿಯಲ್ಲಿ ಕಿವಿಯ ಪಕ್ಕದ ಜಾಗವನ್ನೇ ನೋಡುತ್ತೇನೆ. ಎಷ್ಟು ಸಲ ನೋಡಿದರೂ ಆ ಕೈ ಏಳುತ್ತದೆ, ಚಕ್ರ ಉರುಳುತ್ತದೆ, ನನ್ನ ತುಟಿ ಆಡುತ್ತದೆ. ಇದನ್ನು ಬರೆಯುತ್ತಿರುವ ಈಗಲೂ ಒಮ್ಮೆ ಎದ್ದು ಹೋಗಿ ಅವಳು ಮಲಗಿರುವ ಚಾಪೆಯನ್ನು ನೋಡಿಬಂದೆ.

ಅಂದು ಕೆಲಸಕ್ಕೆ ಹೋಗಲಿಲ್ಲ. ಡಬ್ಬವನ್ನು ಕಾಲಿನಿಂದ ಜಜ್ಜಿ ಹಿತ್ತಲಿನಾಚೆ ಹೊಲಕ್ಕೆ ಎಸೆದೆ. ಎರಡೂವರೆಗೆ ನಳಿನಿ ಬಂದು, “ಯಾಕ್ರೀ, ಡ್ಯೂಟಿ ಇಲ್ವಾ?” ಅಂದಳು. ಹೇಳಿದೆ, ಒಂದನ್ನೂ ಬಿಡದೆ. ಅವಳು ಬ್ಯಾಗನ್ನು ಕೆಳಗಿಡಲೂ ಮರೆತು ಸುಮಾಳ ಕಾಲ್ಬೆರಳುಗಳನ್ನು ಒಂದೊಂದಾಗಿ ಹಿಡಿದು ನೋಡಿದಳು. ಆಮೇಲೆ ಅಂದಳು, “ಇನ್ಮೇಲೆ ಈ ಮನೇಲಿ ಹಾಡೂ ಬೇಡ, ಡಬ್ಬಾನೂ ಬೇಡ. ಕೈ ಹಿಡ್ಕೊಂಡು ಸ್ನಾನ ಮಾಡ್ಸೋಣ. ಅತ್ರೆ ಅಳ್ಲಿ.” ನಾನು ಆಯಿತು ಎಂದೆ. ಸಂಜೆಯ ಊಟಕ್ಕೆ ಇರುವೆಯ ಮದುವೆಗೆ ಯಾರೂ ಬರಲಿಲ್ಲ; ಸುಮಾ ಎರಡು ತುತ್ತು ತಿಂದು ತಟ್ಟೆ ತಳ್ಳಿದಳು.

ಅಷ್ಟರಲ್ಲಿ ಗೌರಮ್ಮ ಮಂಡಿ ಹಿಡಿದುಕೊಂಡು ಬಂದರು, ಕೈಯಲ್ಲಿ ಡಬ್ಬ. “ಇದ್ಯಾಕೆ ನನ್ ಒಲ್ದಾಗೆ ಬಿದ್ದೈತೆ?”

“ಬೇಡ ಗೌರಮ್ಮ,” ನಳಿನಿ ಅಂದಳು, “ಅದ್ರಿಂದಾನೇ ಮಗು ಹೋಗ್ತಿತ್ತು.”

“ಅದ್ರಿಂದ ಓಗ್ತಿತ್ತು, ಸರಿ ಕಣವ್ವ. ಉಳೀತಲ್ಲ, ಅದ್ಯಾತ್ರಿಂದ?” ಗೌರಮ್ಮ ನನ್ನ ಕಡೆ ತಿರುಗಿದರು. “ನಿಮ್ದೇ ತಪ್ಪು ಇನ್ಸ್‌ಪೆಟ್ರೇ. ಟೀವಿನಾಗೆ ಆ ಉಡುಗಿ ಅಂಗ್ ಕಲ್ಸಲ್ಲ. ಪದ ನಿಲ್ಲು ಅಂದ್ರೆ ನಿಲ್ಬೇಕು, ತಮಟೆ ಒಡ್ಕಳ್ಳಿ, ಗುಂಡೇ ಒಡ್ಕಳ್ಳಿ. ನೀವು ಪದ ಬುಟ್ಟು ಡಬ್ಬ ಒಂದೇ ಕಲ್ಸೀರಿ. ಅರ್ಧ ಕಲ್ಸುದ್ರೆ ಇನ್ನೇನಾಯ್ತದೆ? ಪೂರ್ತಿ ಕಲ್ಸಿ, ಇಲ್ಲ ಕಲ್ಸಲೇಬೇಡಿ.”

“ನನಗೆ ಹಾಡೋಕೆ ಬರಲ್ಲವಲ್ಲ.”

“ನಂಗೆ ಬತ್ತದಾ? ನಾನ್ ಒಂಟೆ ಮೊಕಾನೇ ಕಂಡಿಲ್ಲ!”

ಮುಂದಿನ ವಾರ ಆ ಸಂಜೆಗೆ ಅರ್ಧ ದಿನ ರಜೆ ಬರೆದುಕೊಟ್ಟೆ. ಫೋರ್‌ಮನ್ ಕನ್ನಡಕದ ಮೇಲಿಂದ ನೋಡಿದರು. “ಏನಪ್ಪಾ ಕಾರಣ?”

“ಟಿವಿ ನೋಡ್ಬೇಕು ಸಾರ್.”

“ಕ್ರಿಕೆಟ್ಟಾ?”

“ಅಲ್ಲ ಸಾರ್. ಮಕ್ಕಳ ಕಾರ್ಯಕ್ರಮ.”

ಅವರು ಮತ್ತೇನೂ ಕೇಳದೆ ಸಹಿ ಹಾಕಿದರು. ಮೊಸರನ್ನದ ನೆನಪಾಯಿತೋ ಏನೋ.

ಚಾಪೆಯ ಮೇಲೆ, ಮಕ್ಕಳ ನಡುವೆ, ಮೊಣಕಾಲು ಮಡಿಸಿಕೊಂಡು ಕೂತೆ. ಕೈಕಾಲು ತೊಳೆದಿರಾ ಎಂದು ಗೌರಮ್ಮ ನನ್ನನ್ನೂ ಕೇಳಿದರು. ಕೊನೆಗೆ ಒಂಟೆಮರಿಯ ಹಾಡು ಬಂತು. ನಾನು ಊಹಿಸಿದ್ದ ರಾಗವೇ ಅದಲ್ಲ. ‘ಕಲ್ಲಾಯ್ತು’ ಎಂದ ಮೇಲೂ ಆ ಅಕ್ಕ ಕಂಜಿರ ನಿಲ್ಲಿಸಲಿಲ್ಲ. ಇನ್ನೂ ಜೋರಾಗಿ ಬಡಿದಳು, ಮಕ್ಕಳ ಕಿವಿಯ ಹತ್ತಿರ ತಂದು ಬಡಿದಳು, ನಗಿಸಲು ನೋಡಿದಳು. ಟಿವಿಯೊಳಗಿನ ಮಕ್ಕಳು ಅಲ್ಲಾಡಲಿಲ್ಲ. ಚಾಪೆಯ ಮೇಲಿನ ಮಕ್ಕಳೂ ಅಲ್ಲಾಡಲಿಲ್ಲ. ಸದ್ದು ಏನೇ ಹೇಳಲಿ, ಮನುಷ್ಯರ ಮಾತಿಗೆ ನಿಲ್ಲಬೇಕು ಎನ್ನುವುದೇ ಆ ಆಟದ ತಿರುಳು. ನಾನು ಅದನ್ನೇ ತೆಗೆದುಹಾಕಿ ಜಾಣನಾಗಿದ್ದೆ.

ಈಗ ಡಬ್ಬ ಮೊಳೆಯಲ್ಲಿದೆ. ದಿನಾ ಬೆಳಿಗ್ಗೆ ಹತ್ತಕ್ಕೆ, ಗಡ್ಡ ಹೆರೆಯುವ ಮೊದಲು, ನಾವಿಬ್ಬರೂ ರಸ್ತೆಯಂಚಿಗೆ ಹೋಗುತ್ತೇವೆ. ನಾನು ಡಬ್ಬ ಬಡಿಯುತ್ತೇನೆ, ಅವಳು ನಡೆಯುತ್ತಾಳೆ. ಬಡಿಯುತ್ತಲೇ ನಿಲ್ಲಿಸುವ ಸಾಲು ಹಾಡುತ್ತೇನೆ, ಅವಳು ನಿಲ್ಲುತ್ತಾಳೆ. ಆಮೇಲೆ ಮುನಿಯಪ್ಪ ಗೇಟಿನ ತಗಡನ್ನು ಬಡಿದು ಅವಳನ್ನು ಮೋಸ ಮಾಡಲು ನೋಡುತ್ತಾನೆ. ಇದು ಅವನೇ ಕೇಳಿಕೊಂಡು ವಹಿಸಿಕೊಂಡ ಕೆಲಸ. ಅವನು ಈಗ ಲಾರಿ ಬಂದರೆ ಮೊದಲು ಹಿಂದೆಲ್ಲ ಒಂದು ಸುತ್ತು ಹಾಕದೆ ಹಲಗೆಗೆ ಕೈ ಹಚ್ಚುವುದಿಲ್ಲ. ನಿಲ್ಲಿಸುವಾಗ ‘ಓಲ್ಡಾನ್’ ಬಿಟ್ಟು “ಕಲ್ಲಾಯ್ತೂ!” ಅನ್ನುತ್ತಾನೆ. ಸೇಲಂ ಕಡೆಯ ಡ್ರೈವರೊಬ್ಬ ಅದೇ ನಿಲ್ಲಿಸು ಎನ್ನುವುದಕ್ಕೆ ಕನ್ನಡ ಎಂದು ತಿಳಿದು ಕಲಿತುಕೊಂಡು ಹೋಗಿದ್ದಾನೆ.

ವರ್ಕ್‌ಶಾಪಿನವರು ಗೇಟಿಗೆ ಬಂದು ನಗುತ್ತಾರೆ. “ಇನ್ಸ್‌ಪೆಕ್ಟ್ರೇ, ಇನ್ನೊಂದು ಹಾಡಿ ಗುರೂ!” ಎಂದು ಕೂಗುತ್ತಾರೆ. ಇನ್ನೊಂದನ್ನೂ ಹಾಡುತ್ತೇನೆ. ಕಾಗೆಯದು, ಇರುವೆಯದು, ಎಲ್ಲವನ್ನೂ ಗಂಟಲು ಬಿಟ್ಟು. ನಳಿನಿ ರಜೆಯ ದಿನ ಬಾಗಿಲಲ್ಲಿ ನಿಂತು ಕಿವಿ ಮುಚ್ಚಿಕೊಳ್ಳುತ್ತಾಳೆ, ಬೇಡ ಎನ್ನುವುದಿಲ್ಲ. ನನ್ನ ಶ್ರುತಿ ಇನ್ನೂ ಸೇರಿಲ್ಲ, ಸೇರುವ ಲಕ್ಷಣವೂ ಇಲ್ಲ. ಸುಮಾಗೆ ಅದರ ಅಗತ್ಯವಿಲ್ಲ. ಅವಳಿಗೆ ಬೇಕಾದದ್ದು ಕೇಳಿಸುವ ದನಿ.

ಇಂದು ಬೆಳಿಗ್ಗೆಯೂ ಹೋಗಿದ್ದೆವು. ನಿಜವಾದ ಲಾರಿಯೇ ಬಂದಿತ್ತು, ಮುನಿಯಪ್ಪನ ಬಡಿತ ದಬ ದಬ ಎನ್ನುತ್ತಿತ್ತು. ಹತ್ತು ಮಾರು ದೂರದಿಂದ ಹಾಡಿದೆ. ಮಗಳು ರಸ್ತೆಯಂಚಿನಲ್ಲಿ ಕಲ್ಲಾದಳು, ಒಂದು ಕೈ ಮೇಲೆ, ಮಣಿಕಟ್ಟು ಮಡಿಸಿಕೊಂಡು. ಲಾರಿ ಗೇಟಿನೊಳಗೆ ಹೋಯಿತು. ಧೂಳು ಇಳಿಯಿತು. ಅವಳು ಹಾಗೆಯೇ ನಿಂತಿದ್ದಳು, ನಾನು ನೋಡುತ್ತಾ ನಿಂತೆ. ಬಿಡಿಸುವ ಸಾಲನ್ನು ಹಾಡಲು ನನಗೆ ಯಾವ ಅವಸರವೂ ಇರಲಿಲ್ಲ.

“ಅಪ್ಪಾ,” ಹಲ್ಲಿನ ಸಂದಿಯಿಂದ ಅಂದಳು, “ಹಾಡು.”